ಮಗುವೂ ಅತಿಥಿಯೇ

‘ಹೋಟೆಲು’ ಎಂಬ ಮಾತು ಕನ್ನಡಕ್ಕೆ ಬಂದು ನೆಲೆಸುವಾಗ ತನ್ನ ಅರ್ಥದಲ್ಲಿ ಅರ್ಧವನ್ನು ದಾರಿಯಲ್ಲಿಯೇ ಬಿಟ್ಟು ಬಂದಿತು. ಇಂಗ್ಲಿಷಿನವರಿಗೆ ಅದು ಮೊದಲು ತಂಗುವ ಮನೆ; ಕನ್ನಡಿಗರಿಗೆ ಮೊದಲು ಇಡ್ಲಿ, ದೋಸೆ, ಕಾಫಿಗಳ ಮನೆ. ತಂಗಬೇಕಾದವರಿಗೆ ಛತ್ರವಿತ್ತು, ಮಠವಿತ್ತು, ನೆಂಟರ ಮನೆಯಿತ್ತು; ಈಚೆಗೆ ಲಾಡ್ಜು ಬಂದಿತು. ಇವುಗಳಲ್ಲಿ ಯಾವುದರ ಬಾಗಿಲಿನಲ್ಲಿಯೂ ನಿಂತು ‘ಜೊತೆಯಲ್ಲಿ ಮಕ್ಕಳಿದ್ದಾರೆ, ಆಗಬಹುದೇ?’ ಎಂದು ಕೇಳಬೇಕಾದ ಪ್ರಸಂಗ ನಮ್ಮ ಹಿರಿಯರಿಗೆ ಬಂದಂತಿಲ್ಲ. ಸಂಸಾರವೆಂದರೆ ಅದರೊಳಗೆ ಮಕ್ಕಳೂ ಸೇರಿದ್ದರು. ಇಂದು ಆ ಪ್ರಶ್ನೆ ಹುಟ್ಟಿದೆ. ಅದಕ್ಕೆ ಉತ್ತರವೂ ಹುಟ್ಟಿದೆ. ಲೋಕದ ನಾನಾ ದೇಶಗಳಲ್ಲಿ, ಈಗ ನಮ್ಮ ದೇಶದಲ್ಲಿಯೂ, ವಿನ್ಯಾಸವನ್ನೇ ತಮ್ಮ ಹೆಗ್ಗಳಿಕೆಯಾಗಿ ಮಾಡಿಕೊಂಡ ಸೊಗಸಿನ ಹೋಟೆಲುಗಳು ತಮ್ಮ ಪ್ರಕಟಣೆಗಳಲ್ಲಿ ‘ಮಕ್ಕಳೊಡನೆ ಬರುವ ಕುಟುಂಬಗಳಿಗೆ ಸ್ವಾಗತ’ ಎಂಬ ಸಾಲೊಂದನ್ನು ಸೇರಿಸತೊಡಗಿವೆ. ಸ್ವಾಗತವನ್ನು ಹೀಗೆ ಬರೆದು ತಿಳಿಸಬೇಕಾಗಿದೆಯೆಂದರೆ, ಅದು ತಾನಾಗಿಯೇ ಇದ್ದ ಕಾಲ ಕಳೆಯಿತೆಂದೇ ಅರ್ಥ.

ಸೊಗಸಿಗೂ ಮಗುವಿಗೂ ಹುಟ್ಟುವೈರವೆಂದು ನಂಬಿದವರು ಬಹಳ ಮಂದಿ. ಬಿಳಿಯ ಗೋಡೆ, ಗಾಜಿನ ಮೇಜು, ಎತ್ತರದ ಹೂದಾನಿ ಇವೆಲ್ಲ ಒಂದು ಕಡೆ; ಅಂಟಿದ ಕೈ, ಚೆಲ್ಲಿದ ಹಾಲು, ಏರಿದ ದನಿ ಇನ್ನೊಂದು ಕಡೆ. ಎರಡನ್ನೂ ಒಂದೇ ಸೂರಿನ ಕೆಳಗೆ ಇಡುವುದೆಂದರೆ ಯಾವುದಾದರೊಂದನ್ನು ಬಲಿಕೊಡುವುದೇ ಸರಿ ಎಂದು ಅವರು ವಾದಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮಗುವನ್ನು ತಾಳಲಾರದ ಸೌಂದರ್ಯದಲ್ಲಿ ಕೊರತೆಯಿರುವುದು ಸೌಂದರ್ಯದ ಕಡೆಗೇ ಹೊರತು ಮಗುವಿನ ಕಡೆಗಲ್ಲ. ಮಕ್ಕಳಿಗೆ ಸ್ವಾಗತವೆಂದು ಸಾರುವ ಹೋಟೆಲು ಆ ಮಾತನ್ನು ಪ್ರಕಟಣೆಯಲ್ಲಿ ಹೇಳಿದರೆ ಸಾಲದು. ತನ್ನ ಮೆಟ್ಟಿಲು, ಮೇಜು, ನೆಲ, ಬಾಗಿಲುಗಳಲ್ಲಿ ನಡೆಸಿ ತೋರಿಸಬೇಕು.

ವಿನ್ಯಾಸಪ್ರಧಾನವಾದ ಹೋಟೆಲು ಎಂಬ ಕಲ್ಪನೆ ಹೇಗೆ ಬೆಳೆಯಿತೆಂಬುದನ್ನು ನೋಡಿದರೆ ಈ ವೈರ ಎಲ್ಲಿ ಹುಟ್ಟಿತೆಂಬುದೂ ತಿಳಿಯುತ್ತದೆ. 1960ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಎಸ್.ಎ.ಎಸ್. ರಾಯಲ್ ಹೋಟೆಲು ತೆರೆಯಿತು. ಅದರ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸೆನ್ ಕಟ್ಟಡವನ್ನು ರಚಿಸಿದ್ದಷ್ಟಕ್ಕೆ ತೃಪ್ತನಾಗಲಿಲ್ಲ. ಕುರ್ಚಿ, ದೀಪ, ಬಾಗಿಲ ಹಿಡಿ, ಊಟದ ಚಮಚದವರೆಗೆ ಎಲ್ಲವೂ ಒಂದೇ ಮನಸ್ಸಿನ ಸೃಷ್ಟಿಯಾಗಬೇಕೆಂದು ಹಟ ಹಿಡಿದನು. ಇಂದು ಲೋಕವೆಲ್ಲ ಬಲ್ಲ ‘ಮೊಟ್ಟೆ’ ಮತ್ತು ‘ಹಂಸ’ ಎಂಬ ಹೆಸರಿನ ಕುರ್ಚಿಗಳು ಆ ಹೋಟೆಲಿಗಾಗಿಯೇ ರೂಪುಗೊಂಡವು. ಅವನ ಕೈಯಿಂದ ಹೊರಬಂದ ಸ್ಥಿತಿಯಲ್ಲಿಯೇ 606ನೆಯ ಕೋಣೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಆ ಮೊಟ್ಟೆಯ ಕುರ್ಚಿಯನ್ನು ಚಿತ್ರದಲ್ಲಿಯಾದರೂ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಎರಡು ಕಡೆಗೂ ಬಾಗಿ ಕುಳಿತವನನ್ನು ಸುತ್ತುವ ಅದರ ಬೆನ್ನು ಮಡಿಲಿನಂತಿದೆ. ಅದರೊಳಗೆ ಹತ್ತಿ ಮುದುಡಿ ಕುಳಿತುಕೊಳ್ಳಲು ಮಗುವಿಗೆ ಯಾರೂ ಕಲಿಸಬೇಕಾಗಿಲ್ಲ. ಸೌಂದರ್ಯವೂ ಆಶ್ರಯವೂ ಒಂದೇ ವಸ್ತುವಿನಲ್ಲಿ ಕೂಡಬಹುದೆಂಬುದಕ್ಕೆ ಈ ಪರಂಪರೆಯ ಆರಂಭದಲ್ಲಿಯೇ ಸಾಕ್ಷಿ ದೊರೆತಿತ್ತು.

ಆದರೆ ಮುಂದೆ ಪರಂಪರೆ ಬೇರೆ ದಾರಿ ಹಿಡಿಯಿತು. 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಎಂಬ ಹೋಟೆಲು ತೆರೆಯಿತು. ‘ಬುಟೀಕ್’ ಎಂದು ಹೆಸರಾದ ಸಣ್ಣ, ಸೊಗಸಾದ ಹೋಟೆಲುಗಳ ವಂಶಕ್ಕೆ ಅದನ್ನು ಮೂಲಪುರುಷನೆಂದು ಹಲವರು ಎಣಿಸುತ್ತಾರೆ. ಅದರ ಒಳಾಂಗಣವನ್ನು ರೂಪಿಸಿದವಳು ಪ್ಯಾರಿಸಿನ ಆಂದ್ರೆ ಪುಟ್ಮಾನ್. ಒಡೆಯರು ಇಯಾನ್ ಶ್ರೇಗರ್ ಮತ್ತು ಸ್ಟೀವ್ ರೂಬೆಲ್. ಈ ಇಬ್ಬರೂ 1977ರಲ್ಲಿ ‘ಸ್ಟುಡಿಯೋ 54’ ಎಂಬ ರಾತ್ರಿಯ ನೃತ್ಯಶಾಲೆಯನ್ನು ನಡೆಸಿ ಹೆಸರಾದವರು. ಇಂದು ಆ ಹೋಟೆಲು ಇಲ್ಲ; ಅದರ ಸಂತಾನ ಮಾತ್ರ ಲೋಕವನ್ನೆಲ್ಲ ತುಂಬಿದೆ. ಮಬ್ಬು ಬೆಳಕು, ಮದ್ಯದ ಕಟ್ಟೆಯನ್ನೇ ನಡುಮನೆಯಾಗಿ ಮಾಡಿಕೊಂಡ ಪಡಸಾಲೆ, ಯಾರು ಒಳಗೆ ಬಂದರೆ ಚೆನ್ನು ಯಾರು ಬಂದರೆ ಚೆನ್ನಲ್ಲ ಎಂಬ ಆಯ್ಕೆಯ ಬುದ್ಧಿ – ಇವೆಲ್ಲ ನೃತ್ಯಶಾಲೆಯ ಹೊಸ್ತಿಲಿನಿಂದ ಹೋಟೆಲಿನ ಹೊಸ್ತಿಲಿಗೆ ನಡೆದುಬಂದ ಗುಣಗಳು. ನೃತ್ಯಶಾಲೆಯಲ್ಲಿ ಮಗುವಿಗೆ ಸ್ಥಾನವಿಲ್ಲದಿರುವುದು ಸರಿಯೇ. ಆ ಸಭ್ಯತೆಯನ್ನೇ ತಂಗುವ ಮನೆಗೂ ಹೊದಿಸಿದಾಗ ಮಗು ಅಲ್ಲಿ ಅಪರಾಧಿಯಾಯಿತು.

ಇಲ್ಲಿ ಎದುರು ಪಕ್ಷದ ಮಾತನ್ನೂ ಕೇಳಬೇಕು. ಅದರಲ್ಲಿ ಹುರುಳಿಲ್ಲದೆ ಇಲ್ಲ. ವರ್ಷವೆಲ್ಲ ದುಡಿದು ನಾಲ್ಕು ದಿನದ ನೆಮ್ಮದಿಗಾಗಿ ಹಣ ತೆತ್ತು ಬಂದವನಿಗೆ ಆ ನೆಮ್ಮದಿ ಸಿಗಬೇಡವೇ? ಕಾಯಿಲೆಯಿಂದ ಎದ್ದವರು, ವೃದ್ಧರು, ಹೊಸದಾಗಿ ಮದುವೆಯಾದವರು, ತಮ್ಮ ಮಕ್ಕಳಿಂದಲೇ ಎರಡು ದಿನ ಬಿಡುವು ಬಯಸಿ ಬಂದವರು, ಇವರ ಮೌನದ ಹಕ್ಕು ಸಣ್ಣದೇ? ಸಣ್ಣದಲ್ಲ. ಹನ್ನೆರಡು ವರ್ಷಕ್ಕಿಂತ ಕಿರಿಯರಿಗೆ ಪ್ರವೇಶವಿಲ್ಲವೆಂದು ಬಾಗಿಲಿನಲ್ಲಿಯೇ ಹೇಳಿಬಿಡುವ ವಸತಿಗೃಹಗಳೂ ಇವೆ. ಅವು ಕೊನೆಯ ಪಕ್ಷ ಪ್ರಾಮಾಣಿಕವಾಗಿವೆ. ಒಳ್ಳೆಯ ಗ್ರಂಥಾಲಯದ ಮೌನದಂತೆ ಅಂಥ ಕೆಲವು ಸ್ಥಳಗಳು ಇದ್ದರೆ ಯಾರಿಗೂ ನಷ್ಟವಿಲ್ಲ. ನನ್ನ ಆಕ್ಷೇಪ ಅವುಗಳ ಮೇಲಲ್ಲ. ಸ್ವಾಗತವೆಂದು ಬರೆದು, ಹಣವನ್ನೂ ಪಡೆದು, ಬಂದ ಮೇಲೆ ಮಗುವನ್ನು ಸಂದೇಹದಿಂದ ನೋಡುವ ಹೋಟೆಲುಗಳ ಮೇಲೆ. ಮಲೆನಾಡಿನ ಅಂಚಿನಲ್ಲಿರುವ ಇಂಥದೊಂದು ಹೋಟೆಲಿನಲ್ಲಿ ಒಂದು ದಂಪತಿಗಳು ಇಬ್ಬರು ಮಕ್ಕಳೊಡನೆ ಊಟ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ತಂದೆ ಊಟವಿಡೀ ಮಕ್ಕಳ ಕೈಗಳನ್ನು ಹಿಡಿದೇ ಕುಳಿತಿದ್ದ. ತಾಯಿ ಹೋಗಿಬರುವವರಿಗೆಲ್ಲ ಕ್ಷಮೆ ಬೇಡುವ ನಗೆಯೊಂದನ್ನು ಹಂಚುತ್ತಿದ್ದಳು. ಮಕ್ಕಳು ಮಾಡಿದ್ದ ತಪ್ಪು ಏನೂ ಇರಲಿಲ್ಲ. ಅವರ ಗಲ್ಲದ ಎತ್ತರಕ್ಕಿದ್ದ ಗಾಜಿನ ಮೇಜಿನ ಅಂಚೇ ಆ ಸಂಸಾರವನ್ನೆಲ್ಲ ಹೆದರಿಸಿತ್ತು.

ಹುಸಿ ಸ್ವಾಗತದಲ್ಲಿ ಮೂರು ಬಗೆಯನ್ನು ಗುರುತಿಸಬಹುದು. ಮೊದಲನೆಯದು ನೆಲಮಾಳಿಗೆಯ ಸ್ವಾಗತ. ಹೋಟೆಲಿನ ಮೇಲಿನ ಮಹಡಿಗಳಲ್ಲೆಲ್ಲ ಹದವಾದ ಬಣ್ಣ, ಒಳ್ಳೆಯ ಮರ, ನಯವಾದ ಬೆಳಕು. ಮಕ್ಕಳಿಗೆಂದು ಕೆಳಗೆ ಒಂದು ಕೋಣೆ, ಅದರಲ್ಲಿ ಕಣ್ಣು ಕುಕ್ಕುವ ಪ್ಲಾಸ್ಟಿಕ್ಕು, ಗೋಡೆಯ ಮೇಲೆ ಹಲ್ಲುಕಿರಿಯುವ ಪ್ರಾಣಿಗಳು. ಒಳ್ಳೆಯದು ದೊಡ್ಡವರಿಗೆ, ಗದ್ದಲದ್ದು ಮಕ್ಕಳಿಗೆ ಎಂಬ ಈ ವಿಭಾಗ ಯಾವ ನ್ಯಾಯ? ಎರಡನೆಯದು ಇದಕ್ಕೆ ವಿಪರೀತವಾದದ್ದು; ಇಡೀ ಹೋಟೆಲನ್ನೇ ಆಟದ ಕೋಣೆಯಾಗಿ ಮಾಡಿ, ತಂದೆತಾಯಿಯರು ತಮ್ಮ ರುಚಿಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆಂದು ಬಯಸುವುದು. ಮೂರನೆಯದು ಮಗುವನ್ನು ಚಿತ್ರವಾಗಿ ಸ್ವಾಗತಿಸುವುದು. ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನ ಮೇಲಂತಸ್ತಿನಲ್ಲಿ ವಾಸಿಸುವ ಆರು ವರ್ಷದ ಎಲೋಯಿಸ್ ಎಂಬ ತುಂಟ ಹುಡುಗಿಯ ಕತೆಯನ್ನು ಕೇ ಥಾಂಪ್ಸನ್ 1955ರಲ್ಲಿ ಪ್ರಕಟಿಸಿದಳು. ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಆ ಕಲ್ಪಿತ ಬಾಲೆಯ ಭಾವಚಿತ್ರ ಹೋಟೆಲಿನ ಗೋಡೆಯನ್ನೇ ಏರಿತು. ಕತೆಯ ಹುಡುಗಿ ಮೊಗಸಾಲೆಯಲ್ಲಿ ಎಷ್ಟು ಓಡಿದರೂ ಚೆಂದ; ನಿಜವಾದ ಹುಡುಗಿ ಓಡಿದರೆ? ಜೊತೆಗೆ, ಆ ಕತೆಯ ಹುಡುಗಿಯ ತಾಯಿ ಎಂದೂ ಊರಿನಲ್ಲಿರುವುದಿಲ್ಲ. ಅವಳಿಗೆ ಇರುವವರು ಒಬ್ಬ ದಾದಿ, ಒಂದು ನಾಯಿ, ಒಂದು ಆಮೆ. ನಗಿಸುವ ಪುಸ್ತಕವೇ ಸರಿ. ಆದರೆ ಹೋಟೆಲು ಮನೆಯಾಗದ ಮಗುವಿನ ಒಂಟಿತನವೂ ಆ ನಗೆಯೊಳಗೆ ಇದೆ.

ಹಾಗಾದರೆ ನಿಜವಾದ ಸ್ವಾಗತ ಎಂತಹದು? ಅದನ್ನು ಅರಿಯಲು ಹೋಟೆಲಿನಿಂದ ತುಸು ಹೊರಗೆ ಹೋಗಿ, ಮಕ್ಕಳಿಗಾಗಿ ವಿನ್ಯಾಸ ಮಾಡುವುದನ್ನು ಗಂಭೀರವಾದ ಕಲೆಯೆಂದು ಭಾವಿಸಿದ ಒಬ್ಬ ವಾಸ್ತುಶಿಲ್ಪಿಯನ್ನು ನೆನೆಯಬೇಕು. ಹಾಲೆಂಡಿನ ಆಲ್ಡೊ ವಾನ್ ಐಕ್ 1947ರಿಂದ 1978ರವರೆಗೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಏಳುನೂರಕ್ಕೂ ಮೀರಿ ಆಟದ ಬಯಲುಗಳನ್ನು ರೂಪಿಸಿದನು. ಯುದ್ಧದಿಂದ ಬಳಲಿದ ಆ ನಗರದ ಖಾಲಿ ನಿವೇಶನಗಳಲ್ಲಿ, ಬೀದಿಯ ಮೂಲೆಗಳಲ್ಲಿ ಅವನು ಇಟ್ಟ ಸಾಮಗ್ರಿ ಎಷ್ಟು ಸರಳ! ಅಗಲವಾದ ಕಟ್ಟೆಯುಳ್ಳ ಮರಳಗುಂಡಿ, ಹಾರಲು ಕಾಂಕ್ರೀಟಿನ ದಿಮ್ಮಿಗಳು, ಹತ್ತಲು ಬಾಗಿದ ಲೋಹದ ಸರಳುಗಳು. ಆನೆಯಿಲ್ಲ, ಕೋಡಂಗಿಯಿಲ್ಲ, ಬಣ್ಣದ ಗದ್ದಲವಿಲ್ಲ. ದೊಡ್ಡವರ ಕಣ್ಣಿಗೆ ಅದು ಹದವರಿತ ಶಿಲ್ಪ; ಮಗುವಿಗೆ ಅದು ಬೆಟ್ಟ, ಕೋಟೆ, ದೋಣಿ. 1960ರಲ್ಲಿ ಪೂರ್ಣಗೊಂಡ ಅವನ ಅನಾಥಾಲಯದಲ್ಲಿ ಸುಮಾರು 125 ಮಕ್ಕಳಿಗೆ ವಸತಿಯಿತ್ತು. ಅದನ್ನು ಅವನು ಒಂದೇ ದೊಡ್ಡ ಕಟ್ಟಡವಾಗಿ ನಿಲ್ಲಿಸದೆ, ಸಣ್ಣ ಗುಮ್ಮಟಗಳ ಕೆಳಗೆ ಮನೆಗಳೂ ಬೀದಿಗಳೂ ಇರುವ ಒಂದು ಪುಟ್ಟ ಊರಿನಂತೆ ಹಬ್ಬಿಸಿದನು. ಮಗುವಿನ ರುಚಿ ಕೀಳೆಂಬ ಊಹೆಯನ್ನು ಅವನು ಎಲ್ಲಿಯೂ ಒಪ್ಪಲಿಲ್ಲ.

ಇದೇ ಊರಿನ ಕಲ್ಪನೆಯನ್ನು ಹೋಟೆಲಿನಲ್ಲಿ ಸಾಧಿಸಿದ ಉದಾಹರಣೆಯೊಂದು ಜಪಾನಿನಲ್ಲಿದೆ. ಯತ್ಸುಗತಾಕೆ ಪರ್ವತಗಳ ತಪ್ಪಲಿನಲ್ಲಿರುವ ರಿಸೊನಾರೆ ಎಂಬ ವಸತಿಯನ್ನು ಇಟಲಿಯ ಮಾರಿಯೊ ಬೆಲ್ಲಿನಿ ರೂಪಿಸಿದನು. ಅದು ತೆರೆದದ್ದು 1992ರಲ್ಲಿ. 2001ರಲ್ಲಿ ಹೋಶಿನೋ ಸಂಸ್ಥೆ ಅದರ ಆಡಳಿತವನ್ನು ವಹಿಸಿಕೊಂಡು, ಮಕ್ಕಳೊಡನೆ ಬರುವ ಕುಟುಂಬಗಳ ತಾಣವಾಗಿ ಅದನ್ನು ಬೆಳೆಸಿತು. ಅಲ್ಲಿ ನಡುವೆ ಒಂದು ಬೀದಿ; ಇಟಲಿಯ ಗುಡ್ಡದ ಊರಿನಂತೆ ಎರಡು ಬದಿಯಲ್ಲಿಯೂ ಕಟ್ಟಡಗಳ ಸಾಲು, ಕೆಳಗೆ ಅಂಗಡಿಗಳು. ಒಳಗೆ ಅಲೆ ಏಳುವ ಈಜುಕೊಳವಿದೆ, ಪುಸ್ತಕಗಳ ನಡುವೆ ಕುಳಿತು ಕಾಫಿ ಕುಡಿಯುವ ಸ್ಥಳವಿದೆ. ಬೀದಿಯ ಗುಣವೇ ಇದು: ಮಗು ನಾಲ್ಕು ಹೆಜ್ಜೆ ಮುಂದೆ ಓಡಬಹುದು, ತಾಯಿ ಕುಳಿತಲ್ಲಿಂದಲೇ ಅದನ್ನು ನೋಡಬಹುದು. ದೃಷ್ಟಿಗೆ ಸಿಗುವಷ್ಟು ಹತ್ತಿರ, ಸ್ವಾತಂತ್ರ್ಯಕ್ಕೆ ಸಾಲುವಷ್ಟು ದೂರ, ಇವೆರಡನ್ನೂ ಕೂಡಿಸುವುದು ವಿನ್ಯಾಸಕನ ಕೆಲಸವೇ ಹೊರತು ದಾದಿಯ ಕೆಲಸವಲ್ಲ. ಆ ನಾಡಿನ ಹಳೆಯ ಪದ್ಧತಿಯ ‘ರಿಯೊಕಾನ್’ ವಸತಿಗಳಲ್ಲಿಯೂ ಈ ವಿವೇಕವಿದೆ. ಅಲ್ಲಿ ಚಾಪೆ ಹಾಸಿದ ಕೋಣೆಯಲ್ಲಿ ಹಗಲು ತಗ್ಗಿದ ಮೇಜು, ರಾತ್ರಿ ಸಾಲಾಗಿ ಹಾಸಿದ ಹಾಸಿಗೆ. ಮಗು ಬೀಳುವುದಕ್ಕೆ ಎತ್ತರವೇ ಇಲ್ಲ. ಲೋಕದ ವಿನ್ಯಾಸಕರೆಲ್ಲ ಕೊಂಡಾಡುವ ಆ ನಿರಾಡಂಬರ ಕೋಣೆಯಷ್ಟು ಕೂಸಿಗೆ ಒಗ್ಗುವ ಕೋಣೆ ಇನ್ನೊಂದು ದೊರೆಯುವುದು ಕಷ್ಟ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಸಿಂಹಳದ್ದು. ಜೆಫ್ರಿ ಬಾವಾ ದಂಬುಳ್ಳದ ಬಳಿ ಕಟ್ಟಿದ ಕಂದಲಾಮ ಹೋಟೆಲು 1994ರಲ್ಲಿ ತೆರೆಯಿತು. ಮೊದಲು ತೋರಿಸಿದ ಸ್ಥಳ ಸಿಗಿರಿಯ ಬಂಡೆಯ ಬಳಿಯಲ್ಲಿತ್ತು. ಅವನು ಅದನ್ನು ಒಲ್ಲದೆ, ಪುರಾತನವಾದ ಕೆರೆಯೊಂದರ ಆಚೆಯ ಬೆಟ್ಟದ ಮಗ್ಗುಲನ್ನು ಆರಿಸಿಕೊಂಡನು. ಅಲ್ಲಿ ಬಂಡೆಯೇ ಹೋಟೆಲಿನೊಳಕ್ಕೆ ಬಂದಿದೆ. ಬಳ್ಳಿಗಳು ಮಹಡಿಗಳನ್ನು ಮುಚ್ಚಿವೆ. ಕೋತಿಗಳು ತಮ್ಮ ಹಕ್ಕಿನ ಸ್ಥಳವೆಂಬಂತೆ ಮೊಗಸಾಲೆಯ ಅಂಚಿನಲ್ಲಿ ಕುಳಿತಿರುತ್ತವೆ. ಈ ಹೋಟೆಲನ್ನು ಮಕ್ಕಳಿಗೆಂದು ಕಟ್ಟಿದ್ದಲ್ಲ. ಆದರೂ ಕೋತಿಯನ್ನು ತಾಳುವ ಸೌಂದರ್ಯ ಕೂಸನ್ನು ತಾಳದೆ ಇದ್ದೀತೇ? ಮಳೆ, ಬಿಸಿಲು, ಪಾಚಿಗಳಿಂದ ಕೆಡದೆ ಅವುಗಳಿಂದಲೇ ಮಾಗುವಂತಹ ಚೆಲುವನ್ನು ಬಾವಾ ಬಯಸಿದ್ದನು. ಹೊಸತಾಗಿರುವಾಗ ಮಾತ್ರ ಚೆಲುವಾಗಿ ಕಾಣುವ ಕಟ್ಟಡಕ್ಕೆ ಪ್ರತಿಯೊಂದು ಕೈಗುರುತೂ ಶತ್ರು. ಮಾಗಬಲ್ಲ ಕಟ್ಟಡಕ್ಕೆ ಅದು ವಯಸ್ಸಿನ ಇನ್ನೊಂದು ಗೆರೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಚಾರ ಹೊಸದೆನಿಸಬಾರದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದು ಎತ್ತಿ ಹಿಡಿದನಷ್ಟೆ. ಕಟಿಸೂತ್ರವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವನನ್ನು ಕಂಡು ಯಾರು ತಾನೆ ನಗುವುದಿಲ್ಲ ಎಂಬುದು ಅವನ ಆಶಯ. ಆಭರಣ ಬೆಲೆಬಾಳುವುದೇ ಇರಬಹುದು. ತಕ್ಕ ಸ್ಥಾನದಲ್ಲಿಲ್ಲದಿದ್ದರೆ ಅದು ಆಭರಣವಾಗದು. ತಂಗುವ ಮನೆಗೆ ಬಂದು ಹೋಗುವವರಲ್ಲಿ ಮಕ್ಕಳಿರುತ್ತಾರೆ, ಕಾಲು ನೋಯುವ ಅಜ್ಜಿಯಂದಿರಿರುತ್ತಾರೆ, ತುಂಬು ಬಸುರಿಯರಿರುತ್ತಾರೆ. ಇವರನ್ನು ಮರೆತು ಇಟ್ಟ ಗಾಜು, ಕಂಬಿಯಿಲ್ಲದ ಮೆಟ್ಟಿಲು, ಕೈಗೆಟುಕದ ಬಚ್ಚಲ ಬೋಗುಣಿ ಎಲ್ಲವೂ ಸೊಂಟಕ್ಕೆ ಬಿಗಿದ ಹಾರಗಳೇ. ಅಲಂಕಾರ ಹೆಚ್ಚಿದಷ್ಟೂ ಅನೌಚಿತ್ಯ ಎದ್ದು ಕಾಣುತ್ತದೆ.

ಆತಿಥ್ಯದ ವಿಷಯದಲ್ಲಿಯೂ ನಮ್ಮ ಗ್ರಂಥಗಳು ಮಗುವನ್ನು ಮರೆತಿಲ್ಲ. ಕಠೋಪನಿಷತ್ತಿನ ನಚಿಕೇತ ಹುಡುಗ. ಅವನು ಯಮನ ಮನೆಯಲ್ಲಿ ಮೂರು ರಾತ್ರಿ ಉಣ್ಣದೆ ಕಾದಿದ್ದನು. ಸಕಲ ಜೀವಿಗಳನ್ನೂ ನಡುಗಿಸುವ ಯಮ, ಅತಿಥಿಯನ್ನು ಹಸಿವಿನಿಂದ ಇರಿಸಿದೆನಲ್ಲಾ ಎಂದು ಆ ಹುಡುಗನಿಗೆ ನಮಿಸಿ, ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಟ್ಟನು. ‘ನೀನು ಚಿಕ್ಕವನು, ದೊಡ್ಡವರನ್ನು ಕರೆದುಕೊಂಡು ಬಾ’ ಎನ್ನಲಿಲ್ಲ. ಆದರೆ ಈ ಹೆಮ್ಮೆಯಲ್ಲಿ ನಾವು ಮೈಮರೆಯಬಾರದು. ನಮ್ಮ ಊರುಗಳ ಛತ್ರಗಳು ಎಲ್ಲರಿಗೂ ತೆರೆದಿದ್ದವೆಂದು ಹೇಳಿದರೆ ಸುಳ್ಳಾಗುತ್ತದೆ. ಜಾತಿಗೊಂದು ಛತ್ರ, ಪಂಕ್ತಿಗೊಂದು ಕಟ್ಟಳೆ, ಹೋಟೆಲಿನ ಹಲಗೆಯ ಮೇಲೂ ಜಾತಿಯ ಹೆಸರು, ಇವನ್ನು ಕಂಡ ನಾಡು ನಮ್ಮದು. ಒಳಗೆ ಬರಬಹುದಾದವರು ಯಾರು, ಹೊರಗೆ ನಿಲ್ಲಬೇಕಾದವರು ಯಾರು ಎಂಬ ಪಟ್ಟಿ ಪ್ರತಿಯೊಂದು ಹೊಸ್ತಿಲಿಗೂ ಇತ್ತು. ಹಳೆಯ ಪಟ್ಟಿಯನ್ನು ಕಷ್ಟಪಟ್ಟು ಅಳಿಸುತ್ತಿರುವವರು ಸೊಗಸಿನ ಹೆಸರಿನಲ್ಲಿ ಹೊಸ ಪಟ್ಟಿಯೊಂದನ್ನು ಬರೆಯುವಾಗ ಎಚ್ಚರದಿಂದಿರಬೇಕು.

ಇನ್ನೊಬ್ಬರ ಮಾತು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಮಗು ಚೆಲ್ಲಿದ ಹಾಲನ್ನು ಒರೆಸುವವರು ಯಾರು? ಅವಳು ಬಹುಶಃ ತನ್ನ ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಬೆಳಿಗ್ಗೆ ಆರು ಗಂಟೆಯ ಬಸ್ಸು ಹಿಡಿದು ಕೆಲಸಕ್ಕೆ ಬಂದ ತಾಯಿ. ಉಗುರು ತಾಕಿದರೆ ಗೀರು ಬೀಳುವ ಮೇಜು, ಹನಿ ಬಿದ್ದರೆ ಕಲೆಯಾಗುವ ಬಿಳಿಯ ಕಂಬಳಿ ಮಗುವಿಗೆ ಗದರಿಕೆ ತರುತ್ತವೆ. ಅವಳಿಗೆ ಬೆನ್ನುನೋವನ್ನೂ, ಒಮ್ಮೊಮ್ಮೆ ಸಂಬಳದ ಕಡಿತವನ್ನೂ ತರುತ್ತವೆ. ತೊಳೆದರೆ ಮತ್ತೆ ಹೊಳೆಯುವ ಗಾರೆಯ ನೆಲ, ಒರೆಸಿದರೆ ಶುದ್ಧವಾಗುವ ಕಲ್ಲಿನ ಕಟ್ಟೆ, ಬಿಚ್ಚಿ ಒಗೆಯಬಹುದಾದ ಹೊದಿಕೆ ಇವುಗಳನ್ನು ಆರಿಸಿಕೊಂಡ ವಿನ್ಯಾಸಕ ಇಬ್ಬರಿಗೂ ಉಪಕಾರ ಮಾಡಿದಂತೆ. ಮಗುವಿಗೆ ಒಳ್ಳೆಯದಾದ ಮನೆ ದುಡಿಯುವವಳಿಗೂ ಒಳ್ಳೆಯದಾಗುತ್ತದೆ. ಇದನ್ನು ಮರೆತ ಹೋಟೆಲು ತನ್ನ ಅತಿಥಿಗಳ ಆನಂದದ ಬೆಲೆಯನ್ನು ಕಾಣದ ಕೈಗಳಿಂದ ವಸೂಲು ಮಾಡುತ್ತದೆ.

ಇಂಥ ಹೋಟೆಲುಗಳ ಒಂದು ರಾತ್ರಿಯ ಬಾಡಿಗೆ ಅನೇಕ ಓದುಗರ ತಿಂಗಳ ಲೆಕ್ಕಾಚಾರವನ್ನೇ ಕದಡಬಲ್ಲದು. ಉಪಾಧ್ಯಾಯನ ಸಂಬಳಕ್ಕಂತೂ ಅದು ದೂರದ ಮಾತು. ಹೀಗಿರುವಾಗ ನಮಗೇಕೆ ಈ ಚಿಂತೆ ಎಂದು ಕೇಳಬಹುದು. ನಮಗೆ ಚಿಂತೆಯಿರಬೇಕಾದುದು ಮಗುವಿನ ರುಚಿಯ ಶಿಕ್ಷಣದ ವಿಷಯದಲ್ಲಿ. ಚಿತ್ರಕಲೆಯ ಪಾಠ ವಾರಕ್ಕೊಂದು ಗಂಟೆ ನಡೆದರೆ ಹೆಚ್ಚು. ಆದರೆ ಕುಳಿತ ಕುರ್ಚಿ, ಹಿಡಿದ ಬಾಗಿಲ ಹಿಡಿ, ಹತ್ತಿದ ಮೆಟ್ಟಿಲು ಹಗಲಿರುಳೂ ಪಾಠ ಹೇಳುತ್ತವೆ. ಚೆಲುವಾದ ವಸ್ತುವಿನ ಎದುರಿಗೆಲ್ಲ ‘ಮುಟ್ಟಬೇಡ’ ಎಂಬ ಮಾತನ್ನೇ ಕೇಳಿ ಬೆಳೆದ ಮಗು, ಚೆಲುವು ಇತರರ ಸೊತ್ತು, ತನಗೆ ಸಂಬಂಧಿಸಿದ್ದಲ್ಲ ಎಂದು ನಂಬಿ ದೊಡ್ಡದಾಗುತ್ತದೆ. ಮುಂದೆ ಅದೇ ಮಗು ಅಧಿಕಾರಿಯಾಗಿ ಬಸ್ ನಿಲ್ದಾಣವನ್ನೋ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಿಸುವಾಗ, ಅಲ್ಲಿ ಚೆಲುವು ಬೇಕೆಂದು ಅದಕ್ಕೆ ತೋರುವುದಾದರೂ ಹೇಗೆ? ಹಣವಂತರ ಹೋಟೆಲುಗಳು ಇಂದು ಕಲಿಯುವುದನ್ನು ನಾಳೆ ನಮ್ಮ ಪ್ರವಾಸಿ ಮಂದಿರಗಳೂ ಯಾತ್ರಿನಿವಾಸಗಳೂ ರೈಲು ನಿಲ್ದಾಣದ ನಿರೀಕ್ಷಣಾಲಯಗಳೂ ಕಲಿಯಬಹುದು. ತಗ್ಗಿದ ಒಂದು ನಲ್ಲಿ, ಚಿಕ್ಕ ಕೈಗೆ ಎಟುಕುವ ಎರಡನೆಯ ಕಂಬಿ, ಮೊಲೆಯುಣಿಸುವ ತಾಯಿಗೆ ಗೋಡೆಯ ಮರೆಯಲ್ಲಿ ಒಂದು ಕಲ್ಲುಬೆಂಚು – ಇವುಗಳಿಗೆ ಕೋಟಿಗಟ್ಟಲೆ ಹಣ ಬೇಡ. ಎತ್ತರ ಅಳೆಯುವಾಗ ಒಮ್ಮೆ ಮಂಡಿಯೂರಿ ನೋಡುವ ಮನಸ್ಸು ಬೇಕು.

ಮಕ್ಕಳಿಗೆ ಸ್ವಾಗತವೆಂದು ಬರೆದ ಹೋಟೆಲಿಗೆ ಹೋಗುವ ಮೊದಲು, ‘ಆಟದ ಕೋಣೆ ಇದೆಯೇ?’ ಎಂದು ತಂದೆತಾಯಿಯರು ಕೇಳುವುದುಂಟು. ಅದರ ಬದಲು ಬೇರೆ ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ಸೂಚನೆ. ನಾಲ್ಕು ಜನ ಒಂದೇ ಕೋಣೆಯಲ್ಲಿ, ಅಥವಾ ನಡುವೆ ಬಾಗಿಲಿರುವ ಎರಡು ಕೋಣೆಗಳಲ್ಲಿ ಮಲಗಬಹುದೇ? ಸಂಜೆ ಆರೂವರೆಗೆ ಮಗುವಿಗೆ ಬಿಸಿಯಾದ ಅನ್ನ ಸಿಗುವುದೇ, ಅಥವಾ ದೊಡ್ಡವರ ಊಟದ ಹೊತ್ತಿನವರೆಗೂ ಕಾಯಬೇಕೇ? ನಿಮ್ಮ ಪಡಸಾಲೆಯ ಒಳ್ಳೆಯ ಕುರ್ಚಿಯ ಮೇಲೆ ನಮ್ಮ ಮಗು ಕುಳಿತುಕೊಳ್ಳಬಹುದೇ? ಮೊದಲ ಎರಡಕ್ಕೆ ವ್ಯವಸ್ಥಾಪಕರು ಕೂಡಲೇ ಉತ್ತರ ಹೇಳಿಯಾರು. ಮೂರನೆಯದಕ್ಕೆ ಅವರು ಹೇಳುವ ಉತ್ತರವನ್ನೂ, ಹೇಳುವ ಮುನ್ನ ಎಷ್ಟು ಹೊತ್ತು ತಡೆದರೆಂಬುದನ್ನೂ ಗಮನಿಸಿ, ಅನಂತರ ಮುಂಗಡ ಕಟ್ಟುವುದು ಲೇಸು.